ಕದಿರಪ್ಪನನ್ನು ಸಮುದ್ರಕ್ಕೆ ಕರೆದುಕೊಂಡು ಹೋದದ್ದು

ಭಾನುವಾರ, 1 ಫೆಬ್ರವರಿ 1959. ಬಂಗಾರಪೇಟೆ

ಟೈರ್ ಏಜೆಂಟ್ ಬಿಟ್ಟಿಯಾಗಿ ಕೊಟ್ಟ ಡೈರಿ ಇದು. ಯಾವ ಸೈಕಲ್ಲಿಗೆ ಯಾವ ರಿಪೇರಿ ಎಂದು ಮಾತ್ರ ಇದರಲ್ಲಿ ಬರೆಯುತ್ತಿದ್ದೆ. ಇವತ್ತು ಬೇರೆ ವಿಷಯ ಬರೆಯಬೇಕಾಗಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಊರಿಗೆ ಊರೇ ಅಂಗಡಿಗೆ ಬಂದು ನನ್ನ ಮನೆಯ ಕಥೆಯನ್ನು ನನಗೇ ಹೇಳುತ್ತಿದೆ, ಅದೂ ತಪ್ಪುತಪ್ಪಾಗಿ.

ಆದದ್ದು ಇಷ್ಟು. ನನ್ನ ತಂಗಿ ಮುನಿರತ್ನಮ್ಮನ ಗಂಡ ಕದಿರಪ್ಪ ಕೆ.ಜಿ.ಎಫ್‌ನಲ್ಲಿ ಗಣಿಗೆ ಇಳಿಯುವವನು. ಮನೆ ನಂದಿದುರ್ಗ ಗಣಿಯ ಲೈನಿನಲ್ಲಿ, ಅಂದರೆ ಗಣಿಯವರ ಸಾಲುಮನೆಗಳಲ್ಲಿ. ಗಣಿಯಲ್ಲಿ ಒಬ್ಬೊಬ್ಬನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಇಳಿಯುವಾಗ ಅದನ್ನು ಮೇಲೆ ಕೊಟ್ಟು ಇಳಿಯಬೇಕು, ಹತ್ತಿ ಬಂದಮೇಲೆ ವಾಪಸ್ ತೆಗೆದುಕೊಳ್ಳಬೇಕು. ಬಿಲ್ಲೆ ಹಲಗೆಯ ಮೇಲೆ ಉಳಿದಿದ್ದರೆ ಆ ಮನುಷ್ಯ ಕೆಳಗೇ ಉಳಿದಿದ್ದಾನೆ ಎಂದರ್ಥ. ಕದಿರಪ್ಪನ ಪಕ್ಕದ ಮನೆಯ ಬಚ್ಚಪ್ಪ ಕೆಲಸಕ್ಕೆ ತಡವಾಗಿ ಬರುತ್ತಾನೆಂದು ಅವನ ಬಿಲ್ಲೆಯನ್ನು ಒಂದು ವಾರ ತಡೆಹಿಡಿದಿದ್ದರು. ಮೊನ್ನೆ ಗುರುವಾರ ಕದಿರಪ್ಪ ಮನೆಯಲ್ಲೂ ಹೇಳದೆ ಕೆಲಸಕ್ಕೆ ಚಕ್ಕರ್ ಹೊಡೆದು ನನ್ನ ಅಂಗಡಿಗೆ ಬಂದ, ಅವನಿಗೆಂದು ನಾನು ಸಿದ್ಧಮಾಡಿದ್ದ ಹಳೇ ಸೈಕಲ್ ಒಯ್ಯಲು. ಕದಿರಪ್ಪನ ಬಿಲ್ಲೆ ಕೊಟ್ಟು ಅವನ ಬದಲಿಗೆ ಬಚ್ಚಪ್ಪ ಇಳಿದ. ಸ್ನೇಹಿತರಲ್ಲಿ ಇದೆಲ್ಲ ನಡೆಯುತ್ತದಂತೆ. ಮಧ್ಯಾಹ್ನ ಕೆಳಗೆ ಬಂಡೆ ಸಿಡಿಯಿತು.

ಹಲಗೆಯ ಮೇಲೆ ಉಳಿದದ್ದು ಕದಿರಪ್ಪನ ನಂಬರು. ಹಾಗಾಗಿ ಸುದ್ದಿ ಬಂದದ್ದು ನನ್ನ ತಂಗಿಯ ಮನೆಗೆ. ಅವಳು ಬಾಗಿಲಿಗೆ ಕೈ ಬಡಿದುಕೊಂಡು ಬಳೆಯೆಲ್ಲ ಒಡೆದುಕೊಂಡಳು. ಅವಳನ್ನು ಅವುಚಿಕೊಂಡು, ತಾನೂ ಗೋಳಾಡಿ, ಬಾಯಿಗೆ ನೀರು ಹನಿಸಿದವಳು ಬಚ್ಚಪ್ಪನ ಹೆಂಡತಿ ಮಂಗಮ್ಮ. ತನ್ನ ಗಂಡ ಆಂಡರ್ಸನ್‌ಪೇಟೆಗೆ ಹೋಗಿದ್ದಾನೆಂದೇ ಅವಳು ತಿಳಿದಿದ್ದಳು. ಸಂಜೆ ಐದಕ್ಕೆ ಕದಿರಪ್ಪ ಹೊಸ ಬೆಲ್ಲು ಹೊಡೆಯುತ್ತಾ ಲೈನಿಗೆ ಬಂದ. ಬೆಲ್ಲು ಹಾಕಿಕೊಟ್ಟವನು ನಾನೇ.

ಎಲ್ಲರೂ ಕಿರುಚಿಕೊಂಡರಂತೆ. ಮಂಗಮ್ಮ ಮಾತ್ರ ಎದ್ದು ಹೋಗಿ ಅವನ ಮುಖ ನೋಡಿ ಕೇಳಿದಳಂತೆ, “ಅಣ್ಣ, ನಿನ್ನ ಬಿಲ್ಲೆ ಯಾರತ್ರ ಐತೆ?”

ಶುಕ್ರವಾರ ಬಚ್ಚಪ್ಪನನ್ನು ಮೇಲೆ ತಂದರು, ಮಣ್ಣು ಮಾಡಿದರು. ಅಲ್ಲಿಂದ ಕದಿರಪ್ಪ ಮನೆಗೆ ಹೋಗದೆ ನೆಟ್ಟಗೆ ನನ್ನ ಅಂಗಡಿಗೆ ಬಂದು ಟೈರುಗಳ ಮಧ್ಯೆ ಕೂತಿದ್ದಾನೆ. ಮೊದಲೇ ಹತ್ತು ಮಾತಿಗೆ ಒಂದು ಮಾತಾಡುವ ಆಸಾಮಿ, ಈಗ ಅದೂ ಇಲ್ಲ. ಗಣಿಯವನಿಗೆ ಹೆಣ್ಣು ಕೊಡಬೇಡಿ ಎಂದು ಎಂಟು ವರ್ಷದ ಹಿಂದೆ ನಾನು ಬಾಯಿ ಬಡಕೊಂಡಿದ್ದೆ. ಯಾರು ಕೇಳಿದರು?

ಮಂಗಳವಾರ, 3 ಫೆಬ್ರವರಿ

ಅಮ್ಮ ತೀರ್ಪು ಕೊಟ್ಟಿದ್ದಾಳೆ. ಅಕ್ಕಯ್ಯಮ್ಮ ಎಂದರೆ ನಮ್ಮ ಬೀದಿಯಲ್ಲಿ ಹೈಕೋರ್ಟು. ಹುಟ್ಟಿಗೂ ಸಾವಿಗೂ ಎಮ್ಮೆ ಈಯುವುದಕ್ಕೂ ಅವಳ ಹತ್ತಿರ ಒಂದೊಂದು ಶಾಸ್ತ್ರವಿದೆ, ನಮ್ಮಪ್ಪ ಬದುಕಿದ್ದಾಗ ಅರ್ಧಕ್ಕರ್ಧ ಅವಳೇ ಹುಟ್ಟಿಸಿದ್ದು ಎನ್ನುತ್ತಿದ್ದ.

“ಬದುಕಿರೋ ಗಂಡನಿಗೆ ಎಂಡ್ತಿ ಬಳೆ ಒಡ್ಕೊಂಡು ಅತ್ಬಿಟ್ರೆ ಅವನು ಅರ್ಧ ಸತ್ತಂಗೇ. ಸಮುದ್ರದಾಗೆ ಮುಳುಗಿ ಒಸಬನಾಗಿ ಎದ್ದು ಬರ್ಬೇಕು. ಅಲ್ಲೀವರ್ಗೂ ಆ ಮನೆ ಒಸಲು ದಾಟಂಗಿಲ್ಲ” ಎಂದಳು.

ಸರಿ, ರೈಲ್ವೆ ಸ್ಟೇಷನ್ ನನ್ನ ಅಂಗಡಿಯ ಎದುರಿಗೇ ಇದೆ, ಮದರಾಸಿಗೆ ಹೋಗುವ ಗಾಡಿ ದಿನಾ ನನ್ನ ಮುಖದ ಮೇಲೆ ಹೊಗೆ ಬಿಟ್ಟುಕೊಂಡು ಹೋಗುತ್ತದೆ, ಹತ್ತಿಸಿ ಕಳಿಸಿದರಾಯಿತು ಎಂದೆ.

“ಇನ್ನೊಬ್ರು ಎಳ್ಕೊಂಡು ಓದ್ರೆ ಎಣ ಓದಂಗೆ ಆಗ್ತದೆ. ಸ್ವಂತ ಕಾಲ್ಮೇಲೆ ಓಗ್ಬೇಕು.”

“ನೂರೈವತ್ತು ಮೈಲಿ ಅಮ್ಮ! ನಡ್ಕೊಂಡು ಓಗಾಕಾಗ್ತದಾ?”

“ಸೈಕಲ್ನ ಏನ್ ತಲೇಲಿ ತುಳೀತಾರಾ? ಕಾಲಲ್ಲೇ ತಾನೇ?”

ಈ ಮಾತಿಗೆ ಸೈಕಲ್ ಅಂಗಡಿಯವನ ಹತ್ತಿರ ಏನು ಉತ್ತರವಿದೆ? ಅಷ್ಟಕ್ಕೇ ನಿಲ್ಲಿಸಲಿಲ್ಲ. ಜೊತೆಗೆ ಮನೆಯ ಗಂಡಸೊಬ್ಬ ಹೋಗಬೇಕಂತೆ. “ಲೇ ಚಿಕ್ಕವೆಂಕಟ, ನಿಂಗೇನು ಎಂಡ್ತೀನಾ ಮಕ್ಳಾ? ಓಗ್ಬಾ.” ಮೂವತ್ತೆಂಟು ವರ್ಷ ಮದುವೆಯಾಗದೆ ಉಳಿದದ್ದಕ್ಕೆ ಸಿಕ್ಕ ಬಹುಮಾನ ಇದು.

ನಾನು ಆಗುವುದಿಲ್ಲ ಎನ್ನುವವನೇ ಇದ್ದೆ. ಅಷ್ಟರಲ್ಲಿ ಕದಿರಪ್ಪ ಐದು ದಿನಕ್ಕೆ ಮೊದಲ ಸಲ ಬಾಯಿ ಬಿಟ್ಟ. “ಸಮುದ್ರ ಎಷ್ಟ್ ಆಳ ಇರ್ತದೆ ಬಾವ?”

ಹಾಗೆ ಕೇಳಿ ಮತ್ತೆ ಟೈರುಗಳ ಕಡೆ ತಿರುಗಿದ. ಗಂಡನನ್ನು ನೋಡಲು ಬಂದು ಮೂಲೆಯಲ್ಲಿ ನಿಂತಿದ್ದ ಮುನಿರತ್ನಿ ನನ್ನನ್ನು ಹಿತ್ತಲಿಗೆ ಕರೆದಳು. ಕೈ ಬೋಳಾಗಿತ್ತು. “ಅಣ್ಣ, ಕೇಳಿಸ್ಕೊಂಡ್ಯಲ್ಲ? ಒಬ್ಬರ್ನೇ ಕಳಿಸ್ಬೇಡ. ಏನ್ ಬಿಟ್ಟು ಬಂದ್ರೂ ಬಾ, ಅವರ್ನ ಬಿಟ್ಟು ಮಾತ್ರ ಬರ್ಬೇಡ” ಎಂದಳು. ಆಯಿತು ಎಂದೆ. ಇನ್ನೇನು ಹೇಳಲಿ?

ಗಣಿಯ ಮೇಸ್ತ್ರಿ ಹೇಳಿಕಳಿಸಿದ್ದಾನೆ, ಬಿಲ್ಲೆಯ ವಿಚಾರಣೆ ಆಮೇಲೆ ನೋಡೋಣ, ಮೊದಲು ಮನುಷ್ಯ ಮನುಷ್ಯನಂತಾಗಲಿ ಎಂದು.

ಗುರುವಾರ, 5 ಫೆಬ್ರವರಿ. ವೆಂಕಟಗಿರಿಕೋಟೆ

ಹೊರಟೆವು. ಎರಡು ಸೈಕಲ್, ಒಂದು ಪಂಪು, ಸಲ್ಯೂಷನ್ನು, ಎರಡು ಬಿಡಿ ಟ್ಯೂಬು, ಕಡ್ಡಿ ಬಿಗಿಮಾಡುವ ಚಾವಿ, ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು.

ಕೆ.ಜಿ.ಎಫ್ ಮೇಲೆ ಹೋದರೆ ಹತ್ತಿರ. ಆದರೆ ಆ ಮಹಾರಾಯ ಕ್ರಾಸಿನಲ್ಲಿ ನಿಂತುಬಿಟ್ಟ. ಲೈನಿನ ಹತ್ತಿರ ಹಾಯಲಾರನಂತೆ. “ಬೇತಮಂಗಲದ ಮೇಲೆ ಓಗಾನ ಬಾವ” ಎಂದ. ಸುತ್ತು ದಾರಿ, ಕಲ್ಲುರಸ್ತೆ, ಅರ್ಧ ದಿನ ದಂಡ. ದಾರಿಯುದ್ದಕ್ಕೂ ಬೈದುಕೊಂಡೇ ತುಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ.

ತುಳಿಯುವ ರೀತಿಯಾದರೂ ನೋಡಬೇಕೇ? ಏರಿನಲ್ಲಿ ಸೀಟು ಬಿಟ್ಟು ಏಳುವುದಿಲ್ಲ, ಇಳಿಜಾರಿನಲ್ಲಿ ತುಳಿಯುವುದು ಬಿಡುವುದಿಲ್ಲ, ಎತ್ತು ಗಾಣ ತಿರುಗಿದ ಹಾಗೆ ಒಂದೇ ಸಮ. ಚೈನಿಗೆ ಎಣ್ಣೆ ಬಿಟ್ಟಿದ್ದೀಯೇನಯ್ಯಾ ಎಂದರೆ ಸುಮ್ಮನೆ ನೋಡುತ್ತಾನೆ. ಬಿಡುವವನು ನಾನು.

ಕೋಟೆಯಲ್ಲಿ ಎಲ್ಲ ತೆಲುಗು. ಹೋಟೆಲಿನ ಮುದುಕಿ ಎಲ್ಲಿಗೆ ಎಂದು ಕೇಳಿದಳು. ಸಮುದ್ರಕ್ಕೆ ಎಂದೆ. ಸೈಕಲ್ ನೋಡಿದಳು, ನಮ್ಮನ್ನು ನೋಡಿದಳು, ಇನ್ನೊಂದು ಮುದ್ದೆ ಹಾಕಿದಳು.

ಶುಕ್ರವಾರ, 6 ಫೆಬ್ರವರಿ. ಪೇರ್ನಾಂಬಟ್ಟು

ಇವತ್ತು ಘಟ್ಟ. ನಾನು ಇದಕ್ಕೆಂದೇ ಕಾಯುತ್ತಿದ್ದೆ. ತುಳಿಯುವ ಕೆಲಸವಿಲ್ಲ, ಬ್ರೇಕಿನ ಮೇಲೆ ಕೈಯಿಟ್ಟು ಕೂತರೆ ಸಾಕು, ಕಾಲು ಗಂಟೆಯಲ್ಲಿ ಕೆಳಗೆ.

ಘಟ್ಟದ ತಲೆಯಲ್ಲಿ ನಿಂತು ಕದಿರಪ್ಪ ಕೆಳಗಿನ ಬಯಲು ನೋಡಿದ. “ಇದು ಎಷ್ಟ್ ಅಡಿ ಇರ್ತದೆ?” ಎಂದ. ಸಾವಿರದ ಮೇಲಿರಬೇಕು ಎಂದೆ. “ನಾವು ದಿನಾ ಇಳಿಯೋದ್ರಾಗೆ ಕಾಲು ಭಾಗ ಆಗಲ್ಲ” ಎಂದ. ಹಾಗೆನ್ನುತ್ತಲೇ ಎರಡು ಬ್ರೇಕನ್ನೂ ಒತ್ತಿ ಹಿಡಿದುಬಿಟ್ಟ. ಮುಖದ ತುಂಬ ಬೆವರು, ಅದೂ ಬೆಳಗಿನ ಚಳಿಯಲ್ಲಿ.

“ಇಳಿಯಾಕಾಗ್ತಿಲ್ಲ ಬಾವ.”

“ಏನಯ್ಯಾ, ಅನ್ನೆರಡು ವರ್ಷ ಪಾತಾಳಕ್ಕೆ ಇಳಿದೋನು ಇಷ್ಟಕ್ಕೆ ಎದರ್ತೀಯಾ?” ಎಂದು ರೇಗಿದೆ. ರೇಗಬಾರದಿತ್ತು. ಸೈಕಲ್ಲಿಂದ ಇಳಿದು ರಸ್ತೆಯ ಬದಿಗೆ ಕುಕ್ಕರಿಸಿದ. ಒಂದು ಲಾರಿ ಹೋಯಿತು, ಎರಡು ಗಾಡಿ ಹೋದವು. ಅವನು ಏಳಲೇ ಇಲ್ಲ.

ಕೊನೆಗೆ ನಡೆದೇ ಇಳಿದೆವು, ಸೈಕಲ್ ತಳ್ಳಿಕೊಂಡು, ತಿರುವಿಗೊಂದು ಸಲ ಕೂತು. ಹೊರಗಿನ ಅಂಚಿನಲ್ಲಿ ನಾನು, ಒಳಗೆ ಗುಡ್ಡದ ಪಕ್ಕದಲ್ಲಿ ಅವನು. ಹೊಸ ಬ್ರೇಕ್ ರಬ್ಬರ್ ಸವೆಯಬಾರದಲ್ಲ, ಅದಕ್ಕೇ ನಾನೂ ನಡೆದೆ. ಬಿಸಿಲು ಏರಿದ ಮೇಲೆ ಅವನ ಮನಸ್ಸು ಬೇರೆ ಕಡೆ ಹೋಗಲೆಂದು ಫ್ರೀವೀಲ್ ಒಳಗೆ ಏನೇನಿರುತ್ತದೆ ಎಂದು ವಿವರಿಸಿದೆ. ಮೂರು ಮೈಲಿಯುದ್ದಕ್ಕೂ ಫ್ರೀವೀಲ್ ಬಗ್ಗೆ ಮಾತಾಡಿದವನು ಈ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಕೆಳಗೆ ಬಂದಮೇಲೆ ಹೇಳಿದೆ, ಬರುವಾಗ ಈ ಘಟ್ಟ ಹತ್ತಿಸಬೇಕಾದರೆ ನಿನ್ನ ಕಥೆ ಇದೆ ಎಂದು.

“ನಾನು ವಾಪಸ್ ಬತ್ತೀನಿ ಅಂತ ಯಾರಂದ್ರು?” ಎಂದ. ತಮಾಷೆಯ ಮುಖವಲ್ಲ ಅದು.

ಶನಿವಾರ, 7 ಫೆಬ್ರವರಿ. ವೇಲೂರು

ಸೆಖೆ. ಮೂರು ಪಂಕ್ಚರ್, ಮೂರೂ ನನ್ನ ಸೈಕಲ್ಲಿಗೇ. ಅವನು ಪಂಪು ಹೊಡೆದ. ಮಲಗುವಾಗ ನನ್ನ ಪಂಚೆಯ ತುದಿಯನ್ನು ಅವನ ಟವಲ್ಲಿಗೆ ಗಂಟು ಹಾಕಿದ್ದೇನೆ. ಛತ್ರದಲ್ಲಿ ಕಳ್ಳರ ಕಾಟ.

ಭಾನುವಾರ, 8 ಫೆಬ್ರವರಿ. ಆರ್ಕಾಟು

ಬೆಳಗ್ಗೆ ಹೋಟೆಲಿನಲ್ಲಿ ಹಬೆಯಾಡುವ ಇಡ್ಲಿ ಮುಂದಿಟ್ಟರೂ ಕದಿರಪ್ಪ ಮುಟ್ಟಲಿಲ್ಲ. ಮೊದಲು ಹೇಳಿದೆ, ಆಮೇಲೆ ಬೈದೆ. ಉಪವಾಸ ಬಿದ್ದು ಪೆಡಲ್ ತುಳಿದು ದಾರಿಯಲ್ಲಿ ಬಿದ್ದರೆ ಹೊತ್ತುಕೊಂಡು ಹೋಗುವವನು ಯಾರು, ನಿನಗೇನು ರೋಗ ಎಂದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

“ಇವತ್ತು ಅನ್ನೊಂದ್ನೇ ದಿನ ಬಾವ” ಎಂದ.

ಬಚ್ಚಪ್ಪನ ಹನ್ನೊಂದನೆಯ ದಿನ. ಅಲ್ಲಿ ಲೈನಿನಲ್ಲಿ ಇವತ್ತು ಮಂಗಮ್ಮನ ಮನೆಯ ಮುಂದೆ ಚಪ್ಪರ ಹಾಕಿರುತ್ತಾರೆ, ಅವಳನ್ನು ಮಧ್ಯೆ ಕೂರಿಸಿರುತ್ತಾರೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಇಡ್ಲಿ ವಾಪಸ್ ಕೊಟ್ಟೆವು. ನನಗೂ ಅಂಥ ಹಸಿವೇನೂ ಇರಲಿಲ್ಲ.

ಪಾಲಾರ್ ನದಿ ಎಂದರೆ ಬರೀ ಮರಳು. ಅದರಲ್ಲಿ ಗುಂಡಿ ತೋಡಿದ್ದ ಕಡೆ ಸೊಂಟದವರೆಗೆ ನೀರು. ಅಲ್ಲಿ ಸ್ನಾನ ಮಾಡಿದ. ಆಮೇಲೆ ದಡದಲ್ಲಿ ಕೂತು ಎರಡು ಬೀಡಿ ತೆಗೆದ. ಈ ಮನುಷ್ಯ ಬೀಡಿ ಸೇದುವವನಲ್ಲ. ಹಚ್ಚಲು ಹೋದರೆ ಗಾಳಿಗೆ ಕಡ್ಡಿ ನಿಲ್ಲದು. ನಾನು ಪಂಚೆ ಅಡ್ಡ ಹಿಡಿದೆ.

“ಕೆಳಗೆ ಸೇದಂಗಿಲ್ಲ ನೋಡು. ಅದಕ್ಕೆ ಬಚ್ಚ ಮೇಲೆ ಬಂದ್ ತಕ್ಷಣ ಎಲ್ಡೂ ಒಟ್ಗೆ ಅಚ್ಚೋನು. ಮೂಗಿಗೆ ಎಲ್ಡು ತೂತೈತಲ್ಲಾ ಕಣ್ಲಾ, ಒಂದೊಂದಕ್ಕೊಂದೊಂದು ಅನ್ನೋನು” ಎಂದ.

ಹೇಳಿ ನಕ್ಕ. ಬೀಡಿಗಳನ್ನು ಮರಳಲ್ಲಿ ಸಿಕ್ಕಿಸಿ, ಪೂರ್ತಿ ಉರಿಯುವವರೆಗೂ ಕೂತಿದ್ದೆವು. ಬಚ್ಚಪ್ಪನನ್ನು ನಾನು ಒಂದೇ ಸಲ ನೋಡಿದ್ದು, ತಂಗಿಯ ಮನೆಯಲ್ಲಿ. ಉದ್ದ ಕತ್ತಿನವನು, ಹಲ್ಲು ಕಾಣುವಂತೆ ನಗುವವನು. ನನ್ನನ್ನು ಯಜಮಾನರೇ ಎಂದು ಕರೆದಿದ್ದ. ಯಾಕೋ ಇವತ್ತು ಬಹಳ ನೆನಪಾಗುತ್ತಿದ್ದಾನೆ.

ಸೋಮವಾರ, 9 ಫೆಬ್ರವರಿ. ಶ್ರೀಪೆರುಂಬುದೂರು

ನಾಳೆ ಬೆಳಗ್ಗೆ ಸಮುದ್ರ.

ಇವತ್ತು ಹುಣಸೇಮರದ ನೆರಳಲ್ಲಿ ಹುರಿಹಿಟ್ಟು ಕಲಸುತ್ತಿದ್ದಾಗ ನನ್ನಿಂದ ತಡೆಯಲಾಗಲಿಲ್ಲ. ಒಂದು ವಿಷಯವನ್ನು ಈ ಡೈರಿಯಲ್ಲೂ ಬರೆಯದೆ ದಾಟಿಸಿಕೊಂಡು ಬಂದಿದ್ದೇನೆ. ಆ ಸೈಕಲ್ ಒಯ್ಯಲು ಭಾನುವಾರ ರಜದ ದಿನ ಬರುತ್ತೇನೆಂದು ಕದಿರಪ್ಪ ಹೇಳಿಕಳಿಸಿದ್ದ. ಅದಕ್ಕೆ ನಾನು ಏನು ಹೇಳಿಕಳಿಸಿದೆ? ಶುಕ್ರವಾರ ಕೋಲಾರದಿಂದ ಒಬ್ಬ ಗಿರಾಕಿ ಬರುತ್ತಾನೆ, ಗುರುವಾರದೊಳಗೆ ಬಂದು ಒಯ್ಯದಿದ್ದರೆ ಅವನಿಗೆ ಕೊಟ್ಟುಬಿಡುತ್ತೇನೆ. ಕೋಲಾರದಲ್ಲಿ ಯಾವ ಗಿರಾಕಿಯೂ ಇರಲಿಲ್ಲ. ಅವನನ್ನು ಓಡಿಸಿ ಕರೆಸಿಕೊಳ್ಳಬೇಕೆಂಬ ಚಪಲ, ನಾನು ದೊಡ್ಡ ಬಾವ ಎಂಬ ಕೊಬ್ಬು. ಅದಿಲ್ಲದಿದ್ದರೆ ಅವನು ಗುರುವಾರ ಕೆಲಸ ತಪ್ಪಿಸುತ್ತಿರಲಿಲ್ಲ. ಅವನ ಬಿಲ್ಲೆಯೂ ಬಚ್ಚಪ್ಪನ ಕೈಗೆ ಹೋಗುತ್ತಿರಲಿಲ್ಲ.

ಇದನ್ನೆಲ್ಲ ಹೇಳಿದೆ. ತಲೆ ಎತ್ತದೆ, ಹಿಟ್ಟು ಕಲಸುತ್ತಲೇ ಹೇಳಿದೆ. ಎದ್ದು ನನ್ನ ಕೆನ್ನೆಗೆ ಬಾರಿಸಿದರೂ ಬಾರಿಸಲಿ ಎಂದುಕೊಂಡಿದ್ದೆ.

“ಗೊತ್ತಿತ್ತು ಬಾವ” ಎಂದ.

“ಏನ್ ಗೊತ್ತಿತ್ತು?”

“ಗಿರಾಕಿ ಇಲ್ಲ ಅಂತ. ನೀನು ಯಾವಾಗ್ಲೂ ಅಂಗೇ ಏಳೋದು. ಓದ್ಸಲ ಪಂಪ್ ಕೊಡ್ವಾಗ್ಲೂ ಕೋಲಾರದ ಗಿರಾಕಿನೇ ಬಂದಿದ್ದ.”

“ಮತ್ತೆ ಯಾಕಯ್ಯಾ ಬಂದೆ?”

ಬಿದ್ದಿದ್ದ ಹುಣಸೇಕಾಯಿ ಒಂದನ್ನು ಎತ್ತಿ ಸಿಪ್ಪೆ ಬಿಡಿಸಿದ. ಆಮೇಲೆ ಅಂದ, “ಅವತ್ತು ಬೆಳಗ್ಗೆ ಇಳಿಯಾಕೆ ಬೇಜಾರಾಯ್ತು. ಅಷ್ಟೇ. ಏನೂ ಕಾರಣ ಇಲ್ಲ. ಬಿಸ್ಲು ಚೆನ್ನಾಗಿತ್ತು. ನಿನ್ ಬಿಲ್ಲೆ ಕೊಡ್ಲಾ, ನಾನ್ ಓಗ್ತೀನಿ ಅಂದ ಬಚ್ಚ, ಕೊಟ್ಟೆ. ಮಂಗಮ್ಮ ಕೇಳಿದ್ರೆ ಏನ್ ಏಳ್ಲಿ ಬಾವ? ಬಿಸ್ಲು ಚೆನ್ನಾಗಿತ್ತು ಅಂತ ಏಳ್ಲಾ?”

ಅಷ್ಟಂದು ಮುಖ ತಿರುಗಿಸಿಕೊಂಡ. ಹಿಟ್ಟಿನ ದೊಡ್ಡ ಉಂಡೆಯನ್ನು ಅವನ ಕೈಗೆ ಕೊಟ್ಟೆ. ತಿಂದ.

ಮಂಗಳವಾರ, 10 ಫೆಬ್ರವರಿ. ಮದರಾಸು

ಅಕ್ಷರಗಳೆಲ್ಲ ಓರೆಯಾಗುತ್ತಿವೆ.

ಸಮುದ್ರ ನಾನೂ ನೋಡಿದವನಲ್ಲ. ಬೇತಮಂಗಲದ ಕೆರೆಯನ್ನು ಹತ್ತು ಪಟ್ಟು ಮಾಡಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಯ್ಯಪ್ಪಾ! ಆಚೆ ದಡವೇ ಇಲ್ಲ. ಸೈಕಲ್ಲುಗಳು ಮರಳಲ್ಲಿ ಹೂತುಕೊಂಡವು, ಹೊತ್ತುಕೊಂಡು ಹೋದೆವು. ಮೀನಿನವರು ಬಲೆ ಎಳೆಯುತ್ತಿದ್ದರು.

ಕದಿರಪ್ಪ ಅಂಗಿ ಬಿಚ್ಚಿ ಮಡಿಸಿ ಸೀಟಿನ ಮೇಲಿಟ್ಟ. ನೀರಿಗೆ ಇಳಿದು ಒಂದು ಸಲ ಮುಳುಗಿದ, ಎರಡು ಸಲ ಮುಳುಗಿದ. ಸರಿ, ಇನ್ನೊಂದು, ಮುಗಿಯಿತು ಎಂದು ನಾನು ಟವಲ್ ಕೊಡವಿದೆ. ತಲೆ ಎತ್ತಿ ನೋಡುತ್ತೇನೆ, ಅವನು ಒಳಗೆ ನಡೆಯುತ್ತಿದ್ದಾನೆ. ಸೊಂಟ ಮುಳುಗಿತು, ಎದೆ ಮುಳುಗಿತು. ಗಾಣದೆತ್ತಿನ ಹಾಗೆ ಒಂದೇ ಸಮ ನಡಿಗೆ.

“ಕದಿರಾ! ಲೇ ಕದಿರಾ!” ಎಂದು ಕೂಗಿದೆ. ತಿರುಗಲಿಲ್ಲ.

ನನಗೆ ಈಜು ಬಾರದು. ಕೆರೆಯಲ್ಲೂ ಮೊಳಕಾಲಿಗಿಂತ ಮುಂದೆ ಹೋದವನಲ್ಲ. ಆದರೂ ಓಡಿದೆ. ಪಂಚೆ, ಚಪ್ಪಲಿ, ಜೇಬಿನಲ್ಲಿ ಕಡ್ಡಿ ಚಾವಿ, ಎಲ್ಲ ಸಮೇತ. ಒಂದು ಅಲೆ ಬಂದು ಮುಖಕ್ಕೆ ಹೊಡೆಯಿತು, ಇನ್ನೊಂದು ಕಾಲಿನ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಯಿತು. ಮೂಗು ಬಾಯಿಯೆಲ್ಲ ಉಪ್ಪು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಮುನಿರತ್ನಿಗೆ ಏನು ಹೇಳುವುದು ಎಂಬುದೊಂದೇ ಆ ಗಳಿಗೆಯಲ್ಲಿ ತಲೆಯಲ್ಲಿದ್ದದ್ದು.

ಅಷ್ಟರಲ್ಲಿ ಕಂಕುಳಿಗೆ ಕೈ ಹಾಕಿ ಯಾರೋ ನನ್ನನ್ನು ಮೇಲೆತ್ತಿದರು. ಕದಿರಪ್ಪ. ಏನು ಬಲ ಆ ತೋಳಲ್ಲಿ! ಮೂಟೆಯಂತೆ ಹೆಗಲ ಮೇಲೆ ಹೊತ್ತು ತಂದು ಮರಳ ಮೇಲೆ ಕೆಡವಿ, ಬೆನ್ನಿಗೆ ಗುದ್ದಿ ನೀರು ಕಕ್ಕಿಸಿದ.

“ತಲೆ ಕೆಟ್ಟೈತಾ ನಿಂಗೆ? ಈಜಾಕೆ ಬರಲ್ಲ, ಏನಕ್ಕೆ ಬಂದೆ ನೀನು? ಸತ್ತೋಗಿದ್ರೆ?” ಎಂದು ಕಿರುಚಿದ. ಎಂಟು ವರ್ಷದಲ್ಲಿ ಅವನು ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಮೀನಿನವರು ಬಲೆ ಬಿಟ್ಟು ನೋಡುತ್ತಿದ್ದರು.

“ನೀನ್ ಯಾಕೆ ಓಗ್ತಿದ್ದೆ? ಮೊದ್ಲು ಅದ್ನ ಏಳು!” ನಾನೂ ಕಿರುಚಿದೆ.

ಪಕ್ಕದಲ್ಲಿ ಕೂತ. ಇಬ್ಬರೂ ನಾಯಿಗಳ ಹಾಗೆ ಏದುಸಿರು ಬಿಡುತ್ತಿದ್ದೆವು. ಅವನು ವಾಪಸ್ ತಿರುಗುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಮತ್ತೆ ಕೇಳುವ ಧೈರ್ಯವೂ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ನೋಡಿ ಅಂದ, “ನಿನ್ನನ್ನ ಒಬ್ಬನ್ನೇ ಕಳಿಸಿದ್ರೆ ನೀನು ಊರು ಸೇರಲ್ಲ ಬಾವ.”

“ಸೇರಲ್ಲ” ಎಂದೆ. “ನನ್ನ ಚಪ್ಪಲೀನೂ ಓಯ್ತು.”

“ಏಳು, ಓಗಾನ” ಎಂದ. ನನಗೆ ಅಳು ಬಂತು. ಮುಖವೆಲ್ಲ ಉಪ್ಪುನೀರೇ ಆಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಗುರುವಾರ, 12 ಫೆಬ್ರವರಿ. ರೈಲಿನಲ್ಲಿ

ಬರುವಾಗ ಏನು ಮಾಡಬೇಕೆಂದು ಅಮ್ಮ ಹೇಳಿಲ್ಲ. ಹಾಗಾಗಿ ರೈಲು. ಸೈಕಲ್ಲುಗಳು ಬ್ರೇಕ್‌ವ್ಯಾನಿನಲ್ಲಿ. ಕದಿರ ನನಗೆ ಕಿಟಕಿ ಬಿಟ್ಟುಕೊಟ್ಟಿದ್ದಾನೆ, ಮಗುವಿಗೆ ಕೊಟ್ಟ ಹಾಗೆ ಎರಡು ಸಲ ಕಡಲೆಕಾಯಿ ಕೊಡಿಸಿದ. ಆದರೆ ಜೋಲಾರಪೇಟೆ ದಾಟಿದ ಮೇಲೆ ತನ್ನ ಪಾಲಿನ ಕಡಲೆಕಾಯಿಯನ್ನೂ ನನ್ನ ಮಡಿಲಿಗೆ ಸುರಿದುಬಿಟ್ಟ. ಮಂಗಮ್ಮನ ಬಾಗಿಲು ಅವನ ಬಾಗಿಲಿಗೆ ಎರಡು ಮಾರು ದೂರ. ದಿನ ಬೆಳಗಾದರೆ ಆ ಬಾಗಿಲ ಮುಂದೆಯೇ ಹಾಯಬೇಕು. ನಾನು ಅವನ ಕೈ ಹಿಡಿದುಕೊಂಡೆ. ಎದುರಿಗೆ ಕೂತವರು ಏನಾದರೂ ಅಂದುಕೊಳ್ಳಲಿ.

ಶುಕ್ರವಾರ, 13 ಫೆಬ್ರವರಿ

ಬೆಳಗ್ಗೆ ಎಂಟಕ್ಕೆ ಲೈನು ಸೇರಿದೆವು. ಅಮ್ಮ ಹಿಂದಿನ ದಿನವೇ ಬಂದು ಬಿಡಾರ ಹೂಡಿದ್ದಳು. ಬಾಗಿಲಿಗೆ ನೀರು ಹಾಕಿ, ಅರಿಶಿನದ ನೀರಿನ ಚೊಂಬು ಹಿಡಿದುಕೊಂಡು ನಿಂತಿದ್ದಳು. ಹಿಂದೆ ಮುನಿರತ್ನಿ. ಗಂಡನನ್ನು ಕಂಡು ಅವಳ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಬೀದಿಯವರೆಲ್ಲ ಸೇರಿದ್ದರು. ಪಕ್ಕದ ಮನೆಯ ಬಾಗಿಲು ಮಾತ್ರ ಹಾಕಿತ್ತು.

ಕದಿರ ಹೊಸಲ ಹತ್ತಿರ ಬಂದ. ಅಮ್ಮ ಕೈ ಅಡ್ಡ ಹಿಡಿದಳು.

“ತಡಿ. ಅವತ್ತು ಇವನ ಎಸ್ರು ಕೂಗಿ ಅತ್ತೋರು ಯಾರೋ, ಅವರೇ ಇವತ್ತು ಎಸ್ರು ಕೂಗಿ ಒಳಕ್ ಕರೀಬೇಕು.”

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗುವಾಗ ಈ ಶಾಸ್ತ್ರ ಎಲ್ಲಿತ್ತು? ಎಲ್ಲರೂ ನನ್ನ ತಂಗಿಯ ಕಡೆ ನೋಡಿದರು. ನಮ್ಮಲ್ಲಿ ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ? ಅವಳು ತಲೆ ತಗ್ಗಿಸಿಕೊಂಡು ಅಂದಳು, “ನಾನು ಎಸ್ರು ಕೂಗ್ಲಿಲ್ಲಮ್ಮ. ಅಯ್ಯೋ ನಮ್ಮಪ್ಪಾ ಅಂತಷ್ಟೇ ಅತ್ತಿದ್ದು. ಎಸ್ರು ಕೂಗಿ ಅತ್ತಿದ್ದು ಮಂಗಮ್ಮಕ್ಕ.”

ಬೀದಿಯವರೆಲ್ಲ ಹಾಕಿದ್ದ ಆ ಬಾಗಿಲ ಕಡೆ ತಿರುಗಿದರು. ಕದಿರನ ಮುಖ ಬಿಳಿಚಿಕೊಂಡಿತು. ಹಿಂದಕ್ಕೆ ತಿರುಗಿ ತನ್ನ ಸೈಕಲ್ಲಿಗೆ ಕೈಹಾಕಿದ. ನಾನು ಕ್ಯಾರಿಯರ್ ಹಿಡಿದುಕೊಂಡೆ, ಬಿಡಲಿಲ್ಲ. “ಬೇಡ ಬಾವ, ಬಿಡು” ಎಂದ. ಗಂಡ ಸತ್ತು ಹದಿನೈದು ದಿನವಾದ ಹೆಂಗಸು. ಯಾರ ಬಿಲ್ಲೆಯಿಂದ ಅವಳ ಮನೆ ಹಾಳಾಯಿತೋ ಅವನನ್ನೇ ಅವನ ಹೆಂಡತಿಯ ಮನೆಯೊಳಗೆ ಕರಿ ಎಂದು ಯಾವ ಬಾಯಿಂದ ಕೇಳುವುದು? ಅಮ್ಮನಿಗೆ ನನ್ನ ಜನ್ಮದಲ್ಲಿ ಎದುರಾಡದವನು ಇವತ್ತು ಬಾಯಿಗೆ ಬಂದಂತೆ ಬೈಯಲು ಬಾಯಿ ತೆರೆದೆ.

ಪಕ್ಕದ ಬಾಗಿಲ ಅಗಳಿ ಸರಿದ ಸದ್ದಾಯಿತು.

ಮಂಗಮ್ಮ ಹೊರಗೆ ಬರಲಿಲ್ಲ, ಬರುವಂತಿಲ್ಲ. ಹೊಸಲಿನ ಒಳಗೇ ನಿಂತಿದ್ದಳು. ಬಹಳ ಇಳಿದುಹೋಗಿದ್ದಾಳೆ. “ಕದಿರಣ್ಣ” ಎಂದಳು. ಅವನು ತಲೆ ಎತ್ತಲಿಲ್ಲ. “ಕದಿರಣ್ಣ” ಎಂದು ಇನ್ನೊಂದು ಸಲ ಕರೆದಳು. ಅವನು ನೆಲವನ್ನೇ ನೋಡುತ್ತಿದ್ದ. ಆಗ ಅವಳಿಗೆ ಸಿಟ್ಟು ಬಂತು. ಒಡಹುಟ್ಟಿದವನನ್ನು ಗದರುವಂತೆ ಗದರಿದಳು.

“ಕದಿರಣ್ಣಾ! ಒಳಕ್ ಓಗು. ನಿಂಗೂ ಒಂದ್ ಸಲ ಅತ್ತಿದೀನಿ, ನಿನ್ನ ಸ್ನೇಹಿತನಿಗೂ ಅತ್ತಿದೀನಿ. ಇನ್ನೂ ಎಷ್ಟ್ ಜನಕ್ಕೇಂತ ಅಳ್ಲಿ ನಾನು?”

ಕದಿರ ಅಲ್ಲೇ ಬೀದಿಯಲ್ಲಿ, ಅವಳ ಬಾಗಿಲಿನ ಕಡೆ ಮುಖ ಮಾಡಿ ಕುಸಿದು ಕೂತು ಹೋ ಎಂದು ಅತ್ತುಬಿಟ್ಟ. ಹದಿನೈದು ದಿನದಿಂದ ಒಂದು ಹನಿ ಹಾಕದಿದ್ದವನು. ಯಾರೂ ಹತ್ತಿರ ಹೋಗಲಿಲ್ಲ. ಅವಳೂ ಬಾಗಿಲು ಹಾಕಲಿಲ್ಲ. ಅವನು ಅತ್ತು ಮುಗಿಸುವವರೆಗೂ ನಿಂತಿದ್ದಳು. ಆಮೇಲೆ ಅವನು ಎದ್ದು, ಅಂಗಿಯಲ್ಲಿ ಮುಖ ಒರೆಸಿಕೊಂಡು, ಮನೆಯೊಳಗೆ ಹೋದ.

ನಾನು ಒಂದೊಂದು ಕೈಯಲ್ಲಿ ಒಂದೊಂದು ಸೈಕಲ್ ಹಿಡಿದುಕೊಂಡು, ಮುಖ ಒರೆಸಿಕೊಳ್ಳಲು ಕೈಯಿಲ್ಲದೆ ನಿಂತಿದ್ದೆ. ಅಮ್ಮ ಬಂದು ಒಂದನ್ನು ಹಿಡಿದುಕೊಂಡಳು.